ಬೋರ್ಡಿನ ಮೇಲೊಂದು ಹೆಸರು

2021ರ ಜುಲೈ. ಸಂಜೆ ಕಾಫಿ ಹಿಡಿದು ಟೀವಿಯಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಮೆರವಣಿಗೆ ನೋಡುತ್ತಿದ್ದೆವು. ಆಟಗಾರರ ಬಟ್ಟೆಗಿಂತ ನನಗೆ ಅವರ ಮುಂದೆ ಬರುವ ಬೋರ್ಡಿನ ಮೇಲೇ ಕಣ್ಣು. ‘ಚೈನೀಸ್ ತೈಪೆ’ ಅಂತ ಒಂದು ಬಂತು.

“ಇದೇನೋ, ಗೋಬಿ ಮಂಚೂರಿ ಗಾಡಿ ಮೇಲೆ ಬರೆದ ಹಾಗಿದೆ. ಚೈನಾನೇ ತಾನೆ?” ಅಂದಳು ಅಮ್ಮ.

“ಅಲ್ಲಮ್ಮ, ತೈವಾನ್.”

“ಮತ್ತೆ ತೈವಾನ್ ಅಂತ ಬರೆಯೋಕೇನು ಧಾಡಿ?”

ಧಾಡಿ 1949ರದ್ದು. ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ ಗೆದ್ದರು. ಸೋತ ಚಿಯಾಂಗ್ ಕೈ-ಶೇಕ್ ಸರ್ಕಾರವನ್ನೇ ಗಂಟು ಕಟ್ಟಿಕೊಂಡು ತೈವಾನ್ ದ್ವೀಪಕ್ಕೆ ಹೋದರು. ಇಬ್ಬರೂ ‘ಅಸಲಿ ಚೀನಾ ನಾನೇ’ ಅಂದರು. ಲಗ್ನಪತ್ರಿಕೆಯಲ್ಲಿ ಹೆಸರು ಹಿಂದೆಮುಂದಾದರೆ ನಮ್ಮ ದೊಡ್ಡಪ್ಪಂದಿರು ಊಟಕ್ಕೆ ಕೂರದೆ ಎದ್ದು ಹೋಗುತ್ತಾರಲ್ಲ, ಅದೇ ಇಲ್ಲೂ ಆಯ್ತು. 1956ರಲ್ಲಿ ತೈವಾನ್‌ಗೆ ಜಾಗ ಕೊಟ್ಟರೆಂದು ಬೀಜಿಂಗ್ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋಗಲಿಲ್ಲ. 1976ರಲ್ಲಿ ಕೆನಡಾ, ತೈವಾನ್ ತನ್ನನ್ನು ಕರೆದುಕೊಳ್ಳುವ ‘ರಿಪಬ್ಲಿಕ್ ಆಫ್ ಚೈನಾ’ ಅನ್ನೋ ಹೆಸರು ಬೇಡ ಅಂದಾಗ ತೈವಾನ್ ಮಾಂಟ್ರಿಯಲ್ ಬಿಟ್ಟು ನಡೆಯಿತು.

ನನಗೆ ಇಷ್ಟವಾಗೋದು 1960ರ ರೋಮ್. ‘ಚೀನಾ ಅನ್ನುವಂತಿಲ್ಲ, ಫಾರ್ಮೋಸಾ ಅಂತ ಬನ್ನಿ’ ಅಂತ ತೈವಾನಿನ ತಂಡಕ್ಕೆ ದ್ವೀಪದ ಹಳೇ ಹೆಸರನ್ನು ಕೊಟ್ಟಿತು ಒಲಿಂಪಿಕ್ ಸಮಿತಿ. ತಂಡ ಬಂತು. ಆದರೆ ಬೋರ್ಡಿನ ಹಿಂದೆ ನಡೆಯುತ್ತಿದ್ದ ಅಧಿಕಾರಿ ಕೈಯಲ್ಲಿ ಇನ್ನೊಂದು ಹಾಳೆ: ‘ಪ್ರತಿಭಟನೆಯೊಂದಿಗೆ’. ಮುಂದೆ ಸಮಿತಿಯ ಮಾತು, ಹಿಂದೆ ತಮ್ಮ ಮಾತು! ಅದೇ ಕ್ರೀಡಾಕೂಟದಲ್ಲಿ ತೈವಾನಿನ ಯಾಂಗ್ ಚುವಾನ್-ಕ್ವಾಂಗ್ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ ಬರೀ 58 ಪಾಯಿಂಟ್‌ಗಳಿಂದ ಚಿನ್ನ ತಪ್ಪಿಸಿಕೊಂಡರು. ಗೆದ್ದ ಅಮೆರಿಕದ ರೇಫರ್ ಜಾನ್ಸನ್, ಯಾಂಗ್ ಇಬ್ಬರಿಗೂ ಒಬ್ಬರೇ ಕೋಚ್. ಆ ಜಗಳಗಳ ಮಧ್ಯೆ ಇದೊಂದು ಸ್ನೇಹ.

ವಿಶ್ವಸಂಸ್ಥೆಯ ಕುರ್ಚಿ 1971ರಲ್ಲೇ ಬೀಜಿಂಗ್ ಪಾಲಾಗಿತ್ತು. 1981ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಒಲಿಂಪಿಕ್ ಸಮಿತಿಯ ಜೊತೆ ಕೂತು ತೈವಾನಿನವರು, ತಮ್ಮ ರಾಜಧಾನಿ ತೈಪೆಯ ಹೆಸರು ಸೇರಿಸಿದ ‘ಚೈನೀಸ್ ತೈಪೆ’ಗೆ ಒಪ್ಪಿದರು. ತಮ್ಮ ಬಾವುಟ ಇಲ್ಲ, ಒಲಿಂಪಿಕ್ ಬಳೆಗಳಿರುವ ಬೇರೆ ಬಾವುಟ. ಚಿನ್ನ ಗೆದ್ದರೆ ರಾಷ್ಟ್ರಗೀತೆ ಇಲ್ಲ, ಧ್ವಜಾರೋಹಣದ ಹಾಡು. ಯಾರಿಗೂ ಪೂರ್ತಿ ಹಿಡಿಸದ ಹೆಸರು. ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದಿದೆಯೇನೋ. 2018ರಲ್ಲಿ ‘ತೈವಾನ್’ ಅನ್ನೋ ಹೆಸರಲ್ಲೇ ಆಡೋಣವೇ ಅಂತ ಅಲ್ಲಿ ಜನಮತ ಕೇಳಿದರು. ಬೇಡ ಅಂದವರೇ ಜಾಸ್ತಿ. ಹೆಸರಿಗೆ ಹಟ ಹಿಡಿದು ಒಲಿಂಪಿಕ್ಸೇ ಕೈತಪ್ಪಿದರೆ ಅಂತ ಎಷ್ಟೋ ಆಟಗಾರರಿಗೇ ಭಯವಿತ್ತು.

ಆ ಮೆರವಣಿಗೆ ಆಗಿ ವಾರ ಕಳೆದಿತ್ತು. ಬ್ಯಾಡ್ಮಿಂಟನ್ ಪುರುಷರ ಡಬಲ್ಸ್ ಫೈನಲ್. ತೈವಾನಿನ ಲೀ ಯಾಂಗ್, ವಾಂಗ್ ಚಿ-ಲಿನ್ ಜೋಡಿಯ ಎದುರಿಗಿದ್ದದ್ದು ಯಾರು ಅಂತೀರಿ? ಚೀನಾವೇ! ಕೊನೆಯ ಪಾಯಿಂಟ್‌ನ ಷಟಲ್ ಗೆರೆಯ ಹತ್ತಿರ ಬಿತ್ತು. ಒಳಗೋ ಹೊರಗೋ ಅನ್ನೋ ಅನುಮಾನ. ಪರದೆಯ ಮೇಲೆ ಹಸಿರು ಅಂಗಳ, ಬಿಳಿ ಗೆರೆ, ಷಟಲ್ ಬಿದ್ದ ಗುರುತು, ಪಕ್ಕದಲ್ಲಿ ಎರಡೇ ಅಕ್ಷರದ ‘ಇನ್’. ಚಿನ್ನ ತೈವಾನಿಗೆ!

ತೈವಾನಿನ ಜನ ಆ ಚಿತ್ರವನ್ನೇ ಬಾವುಟದ ಹಾಗೆ ಹಂಚಿಕೊಂಡು ಕುಣಿದಾಡಿದರು.