ಅಕ್ಕಿ ಬಂತು, ಬೇಳೆ ಬರಲಿಲ್ಲ

ಕೋವಿಡ್ ಕಾಲದಲ್ಲಿ ಯಾರೂ ಉಪವಾಸ ಬೀಳಲಿಲ್ಲ, ಸರ್ಕಾರ ಅಕ್ಕಿ ಕೊಟ್ಟಿತು ಎಂಬ ಮಾತನ್ನು ಊರಿಗೆ ಹೋದಾಗಲೆಲ್ಲ ಕೇಳುತ್ತೇನೆ. ಅಕ್ಕಿ ಕೊಟ್ಟದ್ದು ನಿಜ. 2020ರ ಏಪ್ರಿಲ್‌ನಿಂದ ಪಡಿತರ ಚೀಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ, ಪುಕ್ಕಟೆಯಾಗಿ ಬಂತು. ಆದರೆ ಹೊಟ್ಟೆ ತುಂಬುವುದು ಬೇರೆ, ತಿಂದದ್ದು ಮೈಗೆ ಹತ್ತುವುದು ಬೇರೆ. ನಾನು ಸಕಲೇಶಪುರದ ಕಡೆಯವನು, ಈಗ ತ್ರಿಶ್ಶೂರಿನಲ್ಲಿದ್ದೇನೆ. ಕೇರಳದವರು ಆ ದಿನಗಳಲ್ಲಿ ಊಟವನ್ನು ಹೇಗೆ ನೋಡಿದರು, ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೇಗೆ ನೋಡಿದೆವು ಎಂಬುದನ್ನು ಹೋಲಿಸಿದಾಗ ನನಗೆ ಸಂಕಟವಾಗುತ್ತದೆ.

ಮೊದಲು ಬೇಳೆಯ ವಿಷಯ. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಲ್ಲಿ ಧಾನ್ಯ ತಲೆಗೆ 5 ಕಿಲೋ, ಬೇಳೆ ಮಾತ್ರ ಇಡೀ ಕುಟುಂಬಕ್ಕೆ 1 ಕಿಲೋ. ಅದೂ 2020ರ ನವೆಂಬರ್‌ವರೆಗೆ. 2021ರ ಮೇ ತಿಂಗಳಲ್ಲಿ ಯೋಜನೆ ಮತ್ತೆ ಶುರುವಾದಾಗ ಬೇಳೆಯೇ ಇರಲಿಲ್ಲ. ನಮ್ಮ ಭಾಗ ನಿಜಕ್ಕೂ ನರಳಿದ್ದು ಆ ಎರಡನೆಯ ಅಲೆಯಲ್ಲಿ. ಜೂನ್ ಮಧ್ಯದಲ್ಲಿ ರಾಜ್ಯದ ಉಳಿದ ಕಡೆ ನಿರ್ಬಂಧ ಸಡಿಲವಾದಾಗಲೂ ಮುಚ್ಚಿಕೊಂಡೇ ಇದ್ದ 11 ಜಿಲ್ಲೆಗಳಲ್ಲಿ ಹಾಸನವೂ ಇತ್ತು, ಚಿಕ್ಕಮಗಳೂರೂ ಇತ್ತು.

ಬೇಳೆಗೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿಗೆ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಸೂಕ್ಷ್ಮ ಪೋಷಕಾಂಶಗಳನ್ನು ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಅಕ್ಕಿಯ ಅಳತೆಯನ್ನು ಗಮನಿಸಿ: ಕೋವಿಡ್ ಕಾಲದಲ್ಲಿ ಸರ್ಕಾರ ಹೆಚ್ಚುವರಿಯಾಗಿ ಕೊಟ್ಟದ್ದೂ ಅಷ್ಟೇ. ಆ ಮನೆಗಳಿಗೆ ಸಿಕ್ಕು ನಮ್ಮವರಿಗೆ ಸಿಗದೆ ಹೋದದ್ದು ಬೇಳೆ ಮತ್ತು ಆ ಪೋಷಕಾಂಶಗಳು.

ಈಗ ಕಾಫಿ ತೋಟಗಳ ಲೈನ್ ಮನೆಗಳಿಗೆ, ಎಂದರೆ ಕೂಲಿಯಾಳುಗಳು ವಾಸಿಸುವ ಸಾಲುಮನೆಗಳಿಗೆ ಬರುತ್ತೇನೆ. ಸಕಲೇಶಪುರ, ಬೇಲೂರು, ಮೂಡಿಗೆರೆ, ಬಾಳೆಹೊನ್ನೂರಿನ ತೋಟಗಳಲ್ಲಿ ದುಡಿಯುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ ಜನ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಕಾಫಿ ಕೊಯ್ಲು ಮುಗಿದಿತ್ತು, ಕೈಯಲ್ಲಿ ಕೆಲಸ ಕಡಿಮೆ. ಏಪ್ರಿಲ್ 20ರಿಂದ ತೋಟದ ಕೆಲಸಕ್ಕೆ ಅನುಮತಿ ಸಿಕ್ಕಿತಾದರೂ ಅರ್ಧದಷ್ಟು ಆಳುಗಳಿಗೆ ಮಾತ್ರ. ಲೈನ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರೆ ಮನೆ ನಡೆಯುತ್ತದೆ. ಆಳು ಅರ್ಧವಾದರೆ ತಟ್ಟೆಯೂ ಅರ್ಧವಾಗುತ್ತದೆ. ಜೊತೆಗೆ ವಾರದ ಸಂತೆಗಳು ನಿಂತವು. ಲೈನ್ ಮನೆಯ ಒಣಮೀನು, ಸೊಪ್ಪು, ಮೊಟ್ಟೆ ಎಲ್ಲವೂ ಸಂತೆಯಿಂದಲೇ ಬರಬೇಕು.

ಅಸ್ಸಾಮಿನವರ ಬಳಿ ಪಡಿತರ ಚೀಟಿ ಇದ್ದರೂ ಅದು ಅಸ್ಸಾಮಿನದು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಕರ್ನಾಟಕ 2020ರ ಆರಂಭದಲ್ಲೇ ಸೇರಿತ್ತು. ಅಸ್ಸಾಂ ಸೇರಿದ್ದು 2022ರ ಜೂನ್‌ನಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಗೆ. ಎಂದರೆ ಎರಡೂ ಅಲೆಗಳು ಮುಗಿಯುವವರೆಗೆ ಆ ಚೀಟಿ ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುವಂತಿರಲಿಲ್ಲ. ಚೀಟಿ ಇಲ್ಲದ ವಲಸಿಗರಿಗೂ ಎರಡು ತಿಂಗಳು ಧಾನ್ಯ ಮತ್ತು ಕಡಲೆ ಕೊಡುತ್ತೇವೆ ಎಂದು ಕೇಂದ್ರ ಘೋಷಿಸಿದ್ದು 2020ರ ಮೇ 14ರಂದು. ಆಗಲೇ ಏಳು ವಾರ ಕಳೆದಿದ್ದವು. ಆ ಏಳು ವಾರ ಅವರನ್ನು ಕಾಪಾಡಿದ್ದು ತೋಟದ ಒಡೆಯರಾದ ಸಾಹುಕಾರರ ಮನಸ್ಸು. ಒಳ್ಳೆಯ ಸಾಹುಕಾರರು ಅಕ್ಕಿಯನ್ನೂ ಮುಂಗಡ ಹಣವನ್ನೂ ಕೊಟ್ಟರು, ಅವರಿಗೆ ನನ್ನ ನಮಸ್ಕಾರ. ಆದರೆ ಒಬ್ಬ ಬಸುರಿ ಹೆಂಗಸಿನ ಊಟ ಯಾವ ತೋಟದ ಲೈನ್‌ನಲ್ಲಿ ಅವಳಿದ್ದಾಳೆ ಎಂಬುದರ ಮೇಲೆ ನಿಲ್ಲಬಾರದು.

ಇಲ್ಲಿ ಕೇರಳದಲ್ಲಿ ಆರಂಭವೇ ಬೇರೆಯಾಗಿತ್ತು. ಲಾಕ್‌ಡೌನ್ ಆದ ಕೆಲವೇ ದಿನಗಳಲ್ಲಿ ಪಂಚಾಯಿತಿಗಳು ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಮಹಿಳೆಯರ ಜೊತೆ ಸೇರಿ ಸಮುದಾಯ ಅಡುಗೆಮನೆಗಳನ್ನು ತೆರೆದವು. ವಾರ್ಡ್ ಸದಸ್ಯರಿಗೆ ಯಾವ ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ, ಯಾವ ಕೊಠಡಿಯಲ್ಲಿ ಹೊರರಾಜ್ಯದ ಕೆಲಸಗಾರರಿದ್ದಾರೆ ಎಂದು ಗೊತ್ತಿತ್ತು. ಪೊಟ್ಟಣ ಬಾಗಿಲಿಗೆ ಹೋಗುತ್ತಿತ್ತು. ಏಪ್ರಿಲ್‌ನಲ್ಲಿ 17 ಪದಾರ್ಥಗಳ ಕಿಟ್ ಬಂತು: ಹೆಸರುಕಾಳು, ಕಡಲೆ, ಉದ್ದು, ಎಣ್ಣೆ, ಉಪ್ಪು, ಸಾಸಿವೆ, ಸೋಪು ಕೂಡ. ಉಳ್ಳವರಿಗೂ ಕೊಟ್ಟರು, ವೋಟಿಗಾಗಿ ಕೊಟ್ಟರು ಎಂಬ ಟೀಕೆ ಇಲ್ಲಿಯೂ ಜೋರಾಗಿಯೇ ಇತ್ತು. ನಾನು ಆ ಟೀಕೆಯನ್ನು ಒಪ್ಪುವುದಿಲ್ಲ. ಯಾರು ಅರ್ಹರು ಎಂದು ಸೋಸುತ್ತ ಕೂತಿದ್ದರೆ ಮೊದಲು ಜಾರಿಬೀಳುತ್ತಿದ್ದವರು ಬಾಯಿಲ್ಲದ ಬಡವರೇ.

ಹಾಗೆಂದು ಕೇರಳವೇ ಎಲ್ಲದರಲ್ಲೂ ಮೇಲು ಎನ್ನಲಾರೆ. ತರಕಾರಿಗೆ ಇವರು ನೆರೆ ರಾಜ್ಯಗಳ ಲಾರಿಗಳನ್ನು ಕಾಯಬೇಕು. ಲಾಕ್‌ಡೌನ್‌ನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಇಲ್ಲಿನ ಆತಂಕವನ್ನು ಕಂಡಿದ್ದೇನೆ. ನಮ್ಮಲ್ಲಿ ಅರಸೀಕೆರೆ, ಚನ್ನರಾಯಪಟ್ಟಣ, ಆಚೆ ಕಡೂರು ರಾಗಿಯ ಸೀಮೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಹುರುಳಿ, ಅವರೆ, ಅಲಸಂದೆ ಮನೆಮನೆಯ ಕಾಳು. ಮುದ್ದೆ, ಹುರುಳಿ ಸಾರು ಯಾವ ಪೌಷ್ಟಿಕ ಕಿಟ್‌ಗೂ ಕಡಿಮೆಯಲ್ಲ. ಕೈಯಲ್ಲಿ ಇಷ್ಟೆಲ್ಲ ಇಟ್ಟುಕೊಂಡು ನಾವು ಬಡವರ ತಟ್ಟೆಗೆ ಬರಿಯ ಅನ್ನ ಬಡಿಸಿದೆವು ಎಂಬುದೇ ನನ್ನ ದುಃಖ.

ಬೇಲೂರು ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿರುವ ನನ್ನ ಅಕ್ಕ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಜೀವಾಳವೇ ಗರ್ಭಿಣಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಉಣ್ಣುವುದು. ಮನೆಗೆ ಕೊಟ್ಟರೆ ಅವಳ ಪಾಲು ಅವಳಿಗೆ ಸಿಗುವುದಿಲ್ಲ ಎಂದೇ ಹಾಗೆ ಮಾಡಿದ್ದು. ಅಂಗನವಾಡಿ ಮುಚ್ಚಿದ ಮೇಲೆ ಸಾಮಗ್ರಿ ಮನೆಗೆ ಹೋಯಿತು. ‘ನಾನು ಕೊಟ್ಟದ್ದು ಒಬ್ಬಳಿಗೆ, ಉಂಡದ್ದು ಮನೆಮಂದಿಯೆಲ್ಲ. ಬೇಡ ಎನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ ಕಣೋ’ ಎಂದಳು ಅಕ್ಕ. ಆ ಬಾಣಂತಿಯಾದರೂ ಏನು ಮಾಡಿಯಾಳು? ಮನೆಮಂದಿಯೆಲ್ಲ ಹಸಿದಿರುವಾಗ ಮೊಟ್ಟೆಯನ್ನು ಅಡಗಿಸಿಟ್ಟು ತಿನ್ನುವ ತಾಯಿ ನಮ್ಮಲ್ಲಿಲ್ಲ. ಇಡೀ ಮನೆಗೆ ಕಾಳು, ಎಣ್ಣೆ ತಲುಪಿದ್ದರೆ ಮಾತ್ರ ಅವಳ ಮೊಟ್ಟೆ ಅವಳಿಗೆ ಉಳಿಯುತ್ತಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಕುಳ್ಳುಬಿದ್ದ ಮಕ್ಕಳು ಕೇರಳದಲ್ಲಿ ಶೇ 23, ಕರ್ನಾಟಕದಲ್ಲಿ ಶೇ 35. ಈ ಎರಡು ರಾಜ್ಯಗಳಲ್ಲಿ ಸಮೀಕ್ಷೆ ನಡೆದದ್ದು 2019ರಲ್ಲಿ, ಕೋವಿಡ್‌ಗೂ ಮೊದಲು. ಇಂಥ ಮಕ್ಕಳ ಮನೆಗೇ ಆ ರೋಗ ಬಂದದ್ದು.

ಶಾಲೆಯ ಮೊಟ್ಟೆಯೂ ತಡವಾಗಿಯೇ ಬಂತು. 2021ರ ಡಿಸೆಂಬರ್‌ನಲ್ಲಿ ಮೊದಲು ಉತ್ತರದ ಏಳು ಜಿಲ್ಲೆಗಳಿಗೆ, ನಮ್ಮ ಕಡೆಗೆ 2022ರಲ್ಲಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಸಕಲೇಶಪುರ, ಮೂಡಿಗೆರೆಯ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಲೈನ್ ಮನೆಗಳಲ್ಲಿ ಯಾರಿದ್ದಾರೆ, ಅವರಲ್ಲಿ ಬಸುರಿಯರು, ಕೂಸುಗಳು, ಕ್ಷಯ ಇರುವವರು, ಮುದುಕರು ಎಷ್ಟು ಎಂಬ ಪಟ್ಟಿಯನ್ನು ಪ್ರತಿ ಕೊಯ್ಲಿನ ಕಾಲಕ್ಕೆ ಹೊಸದಾಗಿ ಬರೆಯಲಿ. ಆಶಾ ಕಾರ್ಯಕರ್ತೆಯರಿಗೆ ಇದರ ಮುಕ್ಕಾಲು ಪಾಲು ಈಗಾಗಲೇ ಗೊತ್ತಿದೆ. ಅಡುಗೆಗೆ ಸ್ತ್ರೀಶಕ್ತಿ ಸಂಘಗಳಿವೆ, ಶಾಲೆಗಳ ಅಡುಗೆಮನೆಗಳಿವೆ. ರಾಗಿಯನ್ನು ಸರ್ಕಾರ ಬೆಂಬಲ ಬೆಲೆ ಕೊಟ್ಟು ಹೇಗೂ ಕೊಳ್ಳುತ್ತಿದೆ. ಹುರುಳಿ, ಅವರೆಯನ್ನೂ ಹಾಗೆಯೇ ಕೊಂಡರೆ ಬಯಲುಸೀಮೆಯ ರೈತನಿಗೂ ಆಧಾರವಾಗುತ್ತದೆ. ಮುಂದಿನ ಸಾಂಕ್ರಾಮಿಕದ ಆದೇಶವನ್ನು ಈಗಲೇ ಸಿದ್ಧಪಡಿಸಿ ಜಿಲ್ಲಾ ಪಂಚಾಯಿತಿಯಲ್ಲಿ ಇಡಬೇಕು. ತಲೆಗೆ ಒಂದೂವರೆ ಕಿಲೋ ಬೇಳೆಕಾಳು ಎಂದು ಅದರಲ್ಲಿರಬೇಕು. ಚೀಟಿ ಯಾವ ರಾಜ್ಯದ್ದೇ ಇರಲಿ, ಇಲ್ಲದೆಯೇ ಇರಲಿ, ಕೊಡತಕ್ಕದ್ದು ಎಂಬ ಸಾಲು ಅದರ ಮೊದಲ ಪುಟದಲ್ಲೇ ಇರಬೇಕು.