ಪಾಕಕ್ಕೆ ಹಿಡಿದ ಗ್ರಹಚಾರ

ನಮ್ಮ ದೊಡ್ಡಮ್ಮ ಮೈಸೂರು ಪಾಕ್ ಮಾಡುವಾಗ ಅಡುಗೆಮನೆಯಲ್ಲಿ ಯಾರೂ ಬಾಯಿ ಬಿಡಬಾರದು. ಸಕ್ಕರೆ ನೀರು ಕುದಿಯುತ್ತಿರುತ್ತದೆ. ಸೌಟಿನಿಂದ ಒಂದು ಹನಿ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಬಿಡಿಸುತ್ತಾರೆ. ಸಣ್ಣಗೆ ಒಂದೆಳೆ ಎದ್ದರೆ ‘ಪಾಕ ಬಂತು’ ಅಂತ ಅರ್ಥ. ತಕ್ಷಣ ಕಡಲೆಹಿಟ್ಟು ಬೀಳಬೇಕು. ಒಂದು ನಿಮಿಷ ತಡವಾದರೂ ಕೆಟ್ಟಿತು.

2025ರ ಮೇ ತಿಂಗಳಲ್ಲಿ ಒಂದು ದಿನ ಇಂಥ ಹೊತ್ತಲ್ಲೇ ನಾನು ಫೋನು ಹಿಡಿದುಕೊಂಡು ಒಳಗೆ ಹೋದೆ.

“ದೊಡ್ಡಮ್ಮ, ಇನ್ಮೇಲೆ ಪಾಕ್ ಅನ್ನಬಾರದಂತೆ. ಜೈಪುರದಲ್ಲಿ ಮೈಸೂರು ಶ್ರೀ ಅಂತ ಮಾಡಿದ್ದಾರೆ.”

“ಯಾಕಂತೆ?”

“ಪಾಕಿಸ್ತಾನದ ಪಾಕ್ ಇದೆಯಂತೆ ಅದರಲ್ಲಿ.”

ದೊಡ್ಡಮ್ಮ ಎಳೆಯಿಂದ ಕಣ್ಣು ತೆಗೆಯಲಿಲ್ಲ. “ಇದರಲ್ಲಿ ಸಕ್ಕರೆ ಬಿಟ್ರೆ ಏನೂ ಇಲ್ಲ ಕಣೋ.”

ಸುದ್ದಿ ಸುಳ್ಳಲ್ಲ. ಜೈಪುರದ ಕೆಲವು ಮಿಠಾಯಿ ಅಂಗಡಿಗಳಲ್ಲಿ ಮೋತಿ ಪಾಕ್ ಮೋತಿ ಶ್ರೀ ಆಯಿತು, ಗೋಂದ್ ಪಾಕ್ ಗೋಂದ್ ಶ್ರೀ ಆಯಿತು. ನಮ್ಮ ಮೈಸೂರಿನದಕ್ಕೂ ಅದೇ ಗತಿ. ನಮ್ಮ ಪಾಕಕ್ಕೂ ಆ ದೇಶದ ಪಾಕ್‌ಗೂ ನೆಂಟಸ್ತನವೇ ಇಲ್ಲ. ನಮ್ಮದು ಸಂಸ್ಕೃತದ್ದು, ಬೇಯಿಸುವುದಕ್ಕೆ ಸಂಬಂಧಿಸಿದ್ದು. ಅವರದ್ದು ಪಾರ್ಸಿಯದ್ದು, ಶುದ್ಧ ಅನ್ನುವ ಅರ್ಥದ್ದು. ಆದರೆ ಆವೇಶದಲ್ಲಿ ನಿಘಂಟು ತೆಗೆಯುವವರು ಯಾರು?

ಇರಲಿ, ದೇಶಭಕ್ತಿಯಲ್ಲಿ ಮೈಸೂರಿನವರು ಹಿಂದೆ ಬೀಳಬಾರದು ಅಂತ ನಾನೂ ಕೂತು ಪಟ್ಟಿ ಮಾಡಿದೆ. ನಳಪಾಕವನ್ನು ನಳಶ್ರೀ ಮಾಡಬೇಕು. ಕಾವ್ಯದ ದ್ರಾಕ್ಷಾಪಾಕ, ಕದಳೀಪಾಕಗಳು ದ್ರಾಕ್ಷಾಶ್ರೀ, ಕದಳೀಶ್ರೀ. ಕೇಳುವುದಕ್ಕೆ ಅಕ್ಕತಂಗಿಯರ ಹೆಸರಿನ ಹಾಗಿವೆ, ಪರವಾಗಿಲ್ಲ. ಪಾಕಶಾಲೆಯೂ ಶ್ರೀಶಾಲೆ ಆಗಲಿ. ತೊಡಕು ಬಂದಿದ್ದು ಜನಿವಾರ ಬದಲಿಸುವ ಉಪಾಕರ್ಮದ ಹತ್ತಿರ. ಮಧ್ಯದಲ್ಲೇ ಅಡಗಿ ಕೂತಿದೆ ನೋಡಿ ಪಾಕ! ‘ಉಶ್ರೀರ್ಮ’ ಅಂತ ಪುರೋಹಿತರ ಬಾಯಲ್ಲಿ ಹೊರಡಬೇಕಲ್ಲ. ಇನ್ನು ಶ್ರೀಲಂಕಾದ ಜೊತೆ ಎಂದಾದರೂ ಜಗಳ ಆದರೆ ಈ ಎಲ್ಲ ಶ್ರೀಗಳನ್ನೂ ಮತ್ತೆ ಕೀಳಬೇಕು. ಆಗ ಲಗ್ನಪತ್ರಿಕೆ ಪ್ರಿಂಟ್ ಮಾಡುವವರ ಕಥೆ ಏನು?

ಸುಮ್ನೆ ಹೇಳುತ್ತೇನೆ, ಹೆಸರು ತಿದ್ದುವ ಆಸೆ ಅಷ್ಟಿದ್ದರೆ ‘ಮೈಸೂರ್’ ಅನ್ನುವುದನ್ನು ‘ಮೈಸೂರು’ ಅಂತ ತಿದ್ದಬಹುದಿತ್ತು. ಇಂಗ್ಲಿಷಿನಲ್ಲೂ ಹಾಗೇ ಬರೆಯಿರಿ ಅಂತ 2014ರಲ್ಲೇ ಆದೇಶ ಆಗಿದೆ. ಅದು ಬಿಟ್ಟು ಸರಿಯಾಗಿದ್ದ ಅರ್ಧಕ್ಕೇ ಕೈ ಹಾಕಿದರು.

ಬೇಕರಿಗಳ ಪಾಡು ಇನ್ನೂ ಚೆಂದ. ದೇಶ ಇಬ್ಭಾಗವಾದಾಗ ಕರಾಚಿ ಕಡೆಯಿಂದ ಮನೆಮಠ ಬಿಟ್ಟು ಬಂದ ಸಿಂಧಿ ಹಿಂದೂ ಒಬ್ಬರು 1953ರಲ್ಲಿ ಹೈದರಾಬಾದಿನಲ್ಲಿ ಒಂದು ಬೇಕರಿ ಇಟ್ಟರು. ಬಿಟ್ಟುಬಂದ ಊರಿನ ನೆನಪಿಗೆ ಕರಾಚಿ ಬೇಕರಿ ಅಂತ ಹೆಸರು. 2019ರಲ್ಲಿ ಪುಲ್ವಾಮಾ ದಾಳಿಯಾದಾಗ ಬೆಂಗಳೂರಿನ ಇಂದಿರಾನಗರದ ಶಾಖೆಗೆ ಗುಂಪು ನುಗ್ಗಿತು. ಬೋರ್ಡಿನಲ್ಲಿ ‘ಕರಾಚಿ’ ಅಂತಿದ್ದಲ್ಲಿಗೆ ಅಂಗಡಿಯವರು ಬಟ್ಟೆ ಮುಚ್ಚಿದರು. ‘ಬೇಕರಿ’ ಹಾಗೇ ಉಳಿಯಿತು. 2025ರ ಮೇನಲ್ಲಿ ಹೈದರಾಬಾದಿನ ಶಂಷಾಬಾದ್ ಶಾಖೆಯ ಸರದಿ. ಬೋರ್ಡಿಗೆ ಕೋಲಿನೇಟು. ಒಂದು ಸಲ ಊರು ಬಿಡಿಸಿಕೊಂಡು ಬಂದವರಿಗೆ ಊರಿನ ಹೆಸರನ್ನೂ ಬಿಡು ಅಂದರೆ, ಬಿಸ್ಕತ್ತು ತಾನೇ ಏನು ಮಾಡೀತು?

ಭಾರತ-ಪಾಕಿಸ್ತಾನದ ನಡುವೆ ಕಾದಾಟ ನಡೆದಿದ್ದ ಅದೇ ಮೇ ತಿಂಗಳ ಒಂದು ರಾತ್ರಿ ಟಿವಿಯವರು ನಿಜವಾದ ಕರಾಚಿಯನ್ನೂ ಬಿಡಲಿಲ್ಲ. ಅಲ್ಲಿನ ಬಂದರು ಉಡೀಸ್ ಅಂದರು. ಬೆಳಗ್ಗೆ ನೋಡಿದರೆ ಬಂದರು ಇದ್ದಲ್ಲೇ ಇತ್ತು. ಜೊತೆಗೆ ಸೈರನ್ ಬೇರೆ. ನಮ್ಮ ದೊಡ್ಡಮ್ಮ ಕುಕ್ಕರ್ ಕೂಗಿತು ಅಂದುಕೊಂಡು ಎರಡು ಸಲ ಗ್ಯಾಸ್ ಆರಿಸಿ ಬಂದರು. ಸ್ಟುಡಿಯೋದಲ್ಲಿ ಸೈರನ್ ಹಾಕಬೇಡಿ, ಜನ ನಿಜವಾದ ಸೈರನ್ ಕೇಳಿದರೂ ಸುಮ್ಮನಿದ್ದುಬಿಟ್ಟಾರು ಅಂತ ಕೊನೆಗೆ ಸರ್ಕಾರವೇ ಸೂಚನೆ ಕೊಡಬೇಕಾಯಿತು.

ಇಷ್ಟೆಲ್ಲ ಯಾತಕ್ಕೆ ಶುರುವಾಯಿತು? ಏಪ್ರಿಲ್ 22ಕ್ಕೆ ಕಾಶ್ಮೀರದ ಪಹಲ್ಗಾಮ್ ಮೇಲಿನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ನಮ್ಮ ರಾಜ್ಯದವರೂ ಇದ್ದರು. ಪ್ರವಾಸಿಗರನ್ನು ಉಳಿಸಲು ಹೋಗಿ ಸತ್ತ ಅಲ್ಲಿನ ಕುದುರೆ ಸವಾರಿ ಮಾಡಿಸುವವನೂ ಇದ್ದ. ಅಷ್ಟು ಜನ ಹೋಗುವ ಜಾಗದಲ್ಲಿ ಒಬ್ಬ ಪೊಲೀಸನೂ ಯಾಕಿರಲಿಲ್ಲ? ಈ ಪ್ರಶ್ನೆಗೆ ಚರ್ಚೆಗಳಲ್ಲಿ ಸಿಕ್ಕ ಸಮಯ ಜಾಸ್ತಿ ಏನಲ್ಲ. ಭದ್ರತೆಯ ಲೋಪ ಆಗಿತ್ತು, ಹೊಣೆ ನನ್ನದು ಅಂತ ಅಲ್ಲಿನ ಉಪರಾಜ್ಯಪಾಲರು ಹೇಳುವ ಹೊತ್ತಿಗೆ ಜುಲೈ ಬಂದಿತ್ತು. ಮಿಠಾಯಿ ಮಾತ್ರ ಮೇನಲ್ಲೇ ಶಿಕ್ಷೆ ಅನುಭವಿಸಿ ಮುಗಿಸಿತ್ತು. ಅದಕ್ಕೆ ವಕೀಲರಿಲ್ಲ, ಪಕ್ಷವಿಲ್ಲ, ಪ್ಯಾನೆಲಿನಲ್ಲಿ ಕೂತು ಕಿರುಚುವ ವಕ್ತಾರರೂ ಇಲ್ಲ ಅಲ್ವಾ?

ಜುಲೈನ ಮಾತೊಂದು ಬಿಟ್ಟು ಇದನ್ನೆಲ್ಲ ಅವತ್ತು ನಾನು ಒಲೆ ಪಕ್ಕವೇ ನಿಂತು ಹೇಳುತ್ತಿದ್ದೆ. ಹಾಲ್‌ನಿಂದ ಚಿಕ್ಕಪ್ಪ, “ಜೈಪುರದವರು ಮಾಡಿದ್ದು ಸರಿಯಾಗೇ ಇದೆ” ಅಂತ ಕೂಗಿದರು. ನಾನು ಉತ್ತರ ಕೊಟ್ಟೆ. ಅವರು ಒಳಗೇ ಬಂದರು. ಮಾತಿಗೆ ಮಾತು ಬೆಳೆಯಿತು. ದೊಡ್ಡಮ್ಮನೂ ಒಂದು ಗಳಿಗೆ ನಮ್ಮ ಕಡೆ ತಿರುಗಿದರು. ಅಷ್ಟರಲ್ಲಿ ಪಾಕ ಹದ ಮೀರಿತ್ತು. ಆದರೂ ಹಿಟ್ಟು ಹಾಕಿ, ತುಪ್ಪ ಸುರಿದು ತಟ್ಟೆಗೆ ಇಳಿಸಿದರು. ಆರಿದ ಮೇಲೆ ಚಾಕು ಇಳಿಯಲಿಲ್ಲ. ಚಿಕ್ಕಪ್ಪ ಕುಟ್ಟಾಣಿ ತಂದರು.

“ತಗೊಳ್ಳಿ,” ಅಂದರು ದೊಡ್ಡಮ್ಮ, ಇಬ್ಬರ ಮುಂದೂ ಒಂದೊಂದು ಕಲ್ಲು ಇಟ್ಟು. “ಇದಕ್ಕೆ ಏನು ಬೇಕಾದ್ರೂ ಹೆಸರಿಟ್ಕೊಳ್ಳಿ.”