ಅಡಿ ಹೋದರೂ ಪಾಯ ಉಂಟು

2017ರ ಮಾತು. ದೀಪಾವಳಿಗೆಂದು ಕುಂದಾಪುರದಿಂದ ಬಂದ ಸೋದರಮಾವ ನವೆಂಬರ್ ಬಂದರೂ ಡೊಂಬಿವಲಿಯ ನಮ್ಮ ಮನೆಯಲ್ಲೇ ಇದ್ದರು. 'ಥಾರ್: ರಾಗ್ನರಾಕ್' ನೋಡಲೇಬೇಕೆಂದು ಮಗ ಹಠ ಹಿಡಿದ. ಮುಲುಂಡಿನಲ್ಲಿ ಹಿಂದಿ ಡಬ್ಬಿಂಗಿನ ಆಟಕ್ಕೆ ಮೂರು ಟಿಕೆಟ್ ಸಿಕ್ಕಿತು. ಮಾವನಿಗೆ ಹಿಂದಿಯ ತೊಂದರೆಯಿಲ್ಲ. ಹರೆಯದಲ್ಲಿ ಹತ್ತು ವರ್ಷ ಇದೇ ಮುಂಬಯಿಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು.

"ಹೀರೋ ಯಾರು?"

"ಸುತ್ತಿಗೆ ಹಿಡಿದ ದೇವರು, ಮಾವ. ಗುಡುಗು ಸಿಡಿಲು ಎಲ್ಲ ಅವನ ಖಾತೆ."

"ಹಾಗಾದ್ರೆ ನಮ್ಮ ದೇವೇಂದ್ರ" ಎಂದು ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡರು.

ಯಕ್ಷಗಾನ ನೋಡಿ ಬೆಳೆದ ಜೀವ. ದೇವೇಂದ್ರ ಅಂದಮೇಲೆ ಒಡ್ಡೋಲಗ ನಿರೀಕ್ಷಿಸಿದ್ದರು. ತೆರೆಯ ಮೇಲೆ ನೋಡಿದರೆ ದೇವೇಂದ್ರ ಸರಪಳಿಯಲ್ಲಿ ನೇತಾಡುತ್ತಿದ್ದ. ರಕ್ಕಸ ಲೋಕನಾಶದ ಮಾತಾಡುತ್ತಿರುವಾಗ ಇವನು ಗಿರ್ರನೆ ಆ ಕಡೆ ತಿರುಗಿಹೋಗಿ, ಸ್ವಲ್ಪ ತಡಿ, ತಿರುಗಿ ಬರುತ್ತಿದ್ದೇನೆ ಎನ್ನುತ್ತಾನೆ.

ಮಾವ ನನ್ನ ಕಿವಿಗೆ ಬಾಗಿದರು. "ಇವ ಹಾಸ್ಯಗಾರ ಮಾರಾಯ. ದೇವೇಂದ್ರ ಇನ್ನೂ ಚೌಕಿಯಲ್ಲಿ ಬಣ್ಣ ಹಚ್ಚುತ್ತಿರಬೇಕು."

ಹಾಸ್ಯಗಾರನೇ ದೇವೇಂದ್ರ ಎಂದು ಅವರಿಗೆ ತಿಳಿಯುವ ಹೊತ್ತಿಗೆ ಅವನ ಸುತ್ತಿಗೆ ಪುಡಿಯಾಗಿತ್ತು, ಜುಟ್ಟು ಕತ್ತರಿಸಿಹೋಗಿತ್ತು. ಕಿಟಕಿ ಒಡೆಯಲು ಎಸೆದ ಚೆಂಡು ಪುಟಿದು ಬಂದು ಅವನ ಮುಖಕ್ಕೇ ಬಡಿದಾಗ ಮಾವ ನಕ್ಕ ರಭಸಕ್ಕೆ ನನ್ನ ತೊಡೆಯ ಮೇಲಿದ್ದ ಪಾಪ್‌ಕಾರ್ನ್ ಮುಂದಿನ ಸಾಲಿನವರ ತಲೆಗೆ ಅಕ್ಷತೆಯಾಯಿತು. ಆ ಅಕ್ಷತೆಯ ಬೆಲೆಗೆ ಮಾಟುಂಗಾದಲ್ಲಿ ನಾಲ್ವರು ಊಟ ಮಾಡಬಹುದಿತ್ತು, ಇರಲಿ.

ನನಗೂ ಇಂಥ ಸೂಪರ್‌ಹೀರೋನೇ ಇಷ್ಟ. ಮುಖ ಗಂಟಿಕ್ಕಿಕೊಂಡು ಕತ್ತಲಲ್ಲಿ ನಿಲ್ಲುವವರನ್ನು ಆಫೀಸಿನಲ್ಲೇ ಸಾಕಷ್ಟು ನೋಡುತ್ತೇನೆ.

ಕೊನೆಗೆ ದೇವಲೋಕವೇ ಉರಿಯತೊಡಗಿತು. ಜನ ಹಡಗು ಹತ್ತಿ ದೂರದಿಂದ ನೋಡುತ್ತಿದ್ದಾರೆ. ಕಲ್ಲು ಮೈಯ ಒಬ್ಬ, ಪಾಯ ಗಟ್ಟಿ ಇದ್ದರೆ ಮತ್ತೆ ಕಟ್ಟಬಹುದು ಎನ್ನುತ್ತಾನೆ. ಅಷ್ಟರಲ್ಲಿ ಢಂ! ಪಾಯವೂ ಹೋಯಿತು, ಕ್ಷಮಿಸಿ ಅನ್ನುತ್ತಾನೆ. ಥಿಯೇಟರ್ ಹೋ ಎಂದಿತು. ನಾನೂ ನಕ್ಕೆ. ಮಾವ ನಗಲಿಲ್ಲ. ಅವರ ಹಳೇ ಮನೆ ಹೆದ್ದಾರಿ ಅಗಲ ಮಾಡುವಾಗ ಹೋಗಿತ್ತು; ಜೆಸಿಬಿ ಬಂದ ದಿನ ಎದುರಿನ ಅಂಗಡಿ ಜಗಲಿಯಲ್ಲಿ ಕೂತು ಸಂಜೆಯವರೆಗೆ ನೋಡಿದ್ದರಂತೆ.

"ಊರೇ ಹೋಯ್ತು, ಇವರೆಲ್ಲ ನಗಾಡುವುದಾ?" ಎಂದರು. ಆಮೇಲೆ, "1987ರಲ್ಲಿ 'ಮಿಸ್ಟರ್ ಇಂಡಿಯಾ' ನೋಡಿದ್ದೆ. ಶ್ರೀದೇವಿ ಚಾಪ್ಲಿನ್ ವೇಷ ಹಾಕಿದಾಗ ಎಷ್ಟು ನಗಾಡಿದ್ದೇವೆ! ಆದರೆ ಆ ಸಣ್ಣ ಹುಡುಗಿ ಟೀನಾ ಬಾಂಬಿಗೆ ಸತ್ತಾಗ ಒಬ್ಬನೂ ಜೋಕು ಹೊಡೀಲಿಲ್ಲ. ಹೀರೋ ಅತ್ತ. ನಾವೂ ಅತ್ತೆವು."

ಉತ್ತರ ಹೊಳೆಯಲಿಲ್ಲ. ನಕ್ಕವನು ನಾನು.

ಹೊರಡೋಣವೆಂದರೆ ಮಗ ಏಳಲಿಲ್ಲ. ಹೆಸರುಗಳೆಲ್ಲ ಮುಗಿದ ಮೇಲೆ ಇನ್ನೊಂದು ತುಣುಕು ಇದೆಯಂತೆ. ಪೊರಕೆ ಹಿಡಿದವರು ನಮ್ಮ ಕಾಲೆತ್ತಿಸಿ ಗುಡಿಸಿದರು. ಕೊನೆಗೂ ಬಂತು: ಸೋತ ದೊರೆಯೊಬ್ಬ ಗುಜರಿಯಿಂದ ಎದ್ದು ಬಂದು, ತನ್ನ ವಿರುದ್ಧದ ದಂಗೆ ಸಮಸಮ ಆಯಿತೆಂದು ಸಾರುತ್ತಾನೆ. ಅಷ್ಟೇ.

ಇದಕ್ಕಾಗಿ ತಡವಾಗಿ, ಸ್ಟೇಷನ್ನಿಗೆ ಓಡಿದೆವು. ಸೇತುವೆಯ ಮೇಲಿರುವಾಗಲೇ ಕೆಳಗೆ ಕಲ್ಯಾಣ್ ಲೋಕಲ್ ಬಂದು ನಿಂತಿತು. ಮಗ ಹತ್ತಿದ, ಎಪ್ಪತ್ತರ ಮಾವ ಹಳೇ ಮುಂಬಯಿಕರ್ ಗತ್ತಿನಲ್ಲಿ ಹತ್ತಿದರು. ನಾನು ಹತ್ತುವಾಗ ಎಡಗಾಲಿನ ಚಪ್ಪಲಿ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದಿಗೆ ಜಾರಿತು. ಹೊಸ ಚಪ್ಪಲಿ, ಹಬ್ಬಕ್ಕೆ ತೆಗೆದದ್ದು.

ಗಾಡಿ ಹೊರಟಿತು. ಮಾವ ನನ್ನ ಬರಿಗಾಲು ನೋಡಿದರು, ಮುಖ ನೋಡಿದರು.

"ಅಡಿ ಹೋದ್ರೆ ಹೋಗ್ಲಿ ಮಾರಾಯ, ಪಾಯ ಉಂಟಲ್ಲ!"

ಮಗ ಕಂಬ ಹಿಡಿದುಕೊಂಡು ನಕ್ಕ. ಡಬ್ಬಿಯಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ. ಥಾಣೆ ಬರುವಷ್ಟರಲ್ಲಿ ಎದುರು ಕೂತವರು ಕಣ್ಣೊರೆಸಿಕೊಳ್ಳುತ್ತ, "ಊರು ಎಲ್ಲಿ ಆಯ್ತು?" ಎಂದು ಮಾವನನ್ನು ಕೇಳಿ, ಸರಿದು ಜಾಗ ಕೊಟ್ಟರು. ಡೊಂಬಿವಲಿಯವರೆಗೂ ಇಬ್ಬರೂ ನನ್ನ ಕಾಲನ್ನು ನೋಡಿಕೊಂಡೇ ಮಾತಾಡಿದರು.